ಕ್ಯೋಟೋದಿಂದ ಎರಡು ದಿನದ ಕಡಲ ಸುತ್ತಾಟ: ಅಮಾನೊಹಾಶಿದಾತೆ ಮತ್ತು ಇನೆಗೆ ಹೋಗುವುದು ಹೇಗೆ

ಕ್ಯೋಟೋ ಅಂದರೆ ದೇವಸ್ಥಾನ, ಬಿದಿರಿನ ಕಾಡು, ಕಾಲಿಡಲು ಜಾಗವಿಲ್ಲದ ಬೀದಿಗಳು ಅಂತ ಎಲ್ಲರಿಗೂ ಗೊತ್ತು. ಆದರೆ ಅದೇ ಕ್ಯೋಟೋ ಪ್ರಾಂತ್ಯ ಉತ್ತರಕ್ಕೆ ಚಾಚಿಕೊಂಡು ಜಪಾನ್ ಸಮುದ್ರದವರೆಗೂ ಹೋಗುತ್ತದೆ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆ ತುದಿಯಲ್ಲಿರುವುದೇ ತಾಂಗೋ ಪರ್ಯಾಯ ದ್ವೀಪ. ಕ್ಯೋಟೋ ನಗರದಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿ ಸಮುದ್ರದ ನಡುವೆ ಪೈನ್ ಮರಗಳ ಸಾಲು ಹೊತ್ತು ಮಲಗಿರುವ ಮರಳಿನ ದಿಣ್ಣೆ ಅಮಾನೊಹಾಶಿದಾತೆ ಇದೆ, ನೀರಿನ ಅಂಚಿಗೇ ಕಟ್ಟಿದ ಮೀನುಗಾರರ ಮನೆಗಳ ಊರು ಇನೆ ಇದೆ, ಅದರಾಚೆ ಬಂಡೆ, ದೀಪಸ್ತಂಭ, ಕಾಲಿಟ್ಟರೆ ಕೀರಲು ದನಿ ಮಾಡುವ ಮರಳು, ಬಿಸಿನೀರಿನ ಊರುಗಳು.

ಇದನ್ನು ಒಂದೇ ದಿನದಲ್ಲಿ ಮುಗಿಸಬಹುದಾ ಅಂತ ಕೇಳುವವರು ಜಾಸ್ತಿ. ಮುಗಿಸಬಹುದು. ಓಸಾಕಾ, ಕ್ಯೋಟೋಗಳಿಂದ ಬೆಳಗ್ಗೆ ಹೊರಡುವ ಟೂರ್ ಬಸ್ಸುಗಳು ಅಮಾನೊಹಾಶಿದಾತೆ, ಇನೆ, ಮೇಲೆ ಮಿಯಾಮಾದ ಹುಲ್ಲು ಚಾವಣಿಯ ಹಳ್ಳಿ, ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿ ರಾತ್ರಿಗೆ ವಾಪಸ್ ತಂದು ಬಿಡುತ್ತವೆ. ನನ್ನ ಪ್ರಕಾರ ಅದು ದುಡ್ಡು ಕೊಟ್ಟು ಬಸ್ಸಿನ ಕಿಟಕಿ ನೋಡುವ ಕೆಲಸ. ಇನೆಯಲ್ಲಿ ಒಂದು ರಾತ್ರಿ ಉಳಿಯಿರಿ. ಸಂಜೆ ಟೂರ್ ಬಸ್ಸುಗಳು ಹೋದ ಮೇಲೆ ಆ ಊರು ಬೇರೆಯೇ ಊರು. ಈ ಇಡೀ ಯೋಜನೆಯನ್ನು ನಾನು ಆ ಒಂದು ರಾತ್ರಿಯ ಸುತ್ತಲೇ ಕಟ್ಟಿದ್ದೇನೆ. ಅದಕ್ಕೇ ಮೊದಲು ಇನೆಯ ಕೋಣೆ ಬುಕ್ ಮಾಡಿ, ಆಮೇಲೆ ರೈಲು, ಆಮೇಲೆ ಉಳಿದದ್ದು.

ಯಾವಾಗ ಹೋಗಬೇಕು

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಕಣ್ಣು ಮುಚ್ಚಿ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮೇ ಮೊದಲ ವಾರದ ಗೋಲ್ಡನ್ ವೀಕ್ ರಜೆಯನ್ನು ಮಾತ್ರ ಬಿಡಿ, ಆಗ ಇಡೀ ಜಪಾನೇ ರಸ್ತೆ ಮೇಲಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಸಮುದ್ರಕ್ಕೆ ಇಳಿಯಬಹುದು, ಮರಳ ದಿಣ್ಣೆಯ ಮೇಲೇ ಈಜುವ ಕಡಲತೀರ ಇದೆ. ಆದರೆ ಸೆಕೆ ವಿಪರೀತ. ಆಗಸ್ಟ್ ನಡುವಿನ ಓಬೊನ್ ಹಬ್ಬ ಮುಗಿದ ಮೇಲೆ ಲೋಳೆ ಮೀನುಗಳ ಕಾಟ ಶುರುವಾಗುತ್ತದೆ, ಅಲ್ಲಿನವರೇ ನೀರಿಗೆ ಇಳಿಯುವುದನ್ನು ಕಡಿಮೆ ಮಾಡುತ್ತಾರೆ.

ಚಳಿಗಾಲ ಬೇರೆಯದೇ ಲೆಕ್ಕ. ನವೆಂಬರ್‌ನಿಂದ ಇಲ್ಲಿ ಆಕಾಶ ಗಳಿಗೆಗೊಂದು ಥರ. ಬಿಸಿಲಿದೆ ಅಂತ ಹೊರಗೆ ಬಂದರೆ ಹತ್ತು ನಿಮಿಷಕ್ಕೆ ಮಳೆ, ಅದರ ಹಿಂದೆಯೇ ಮತ್ತೆ ಬಿಸಿಲು. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅಂತ ಇಲ್ಲಿನವರು ಹೇಳುವುದು ಸುಮ್ನೆ ಅಲ್ಲ. ಜನವರಿ, ಫೆಬ್ರವರಿಯಲ್ಲಿ ಹಿಮವೂ ಬೀಳುತ್ತದೆ. ಹಿಮ ಹೊತ್ತ ಪೈನ್ ಮರಗಳ ಸಾಲನ್ನು ನೋಡಲೆಂದೇ ಬರುವವರೂ ಇದ್ದಾರೆ, ಆದರೆ ಗಾಳಿ ಜೋರಾದರೆ ದೋಣಿ ನಿಲ್ಲುತ್ತದೆ, ರೈಲು ತಡವಾಗುತ್ತದೆ, ಅದಕ್ಕೆ ತಯಾರಿರಬೇಕು. ಚಳಿಗಾಲದಲ್ಲಿ ಜಪಾನಿನವರು ಇಲ್ಲಿಗೆ ಬರುವ ದೊಡ್ಡ ಕಾರಣ ಏಡಿ. ನವೆಂಬರ್ 6ರಿಂದ ಮಾರ್ಚ್ 20ರವರೆಗೆ ಹಿಮ ಏಡಿಯ ಋತು. ಒಂದೊಂದು ಏಡಿಯ ಕಾಲಿಗೂ ಯಾವ ದೋಣಿ ಹಿಡಿದದ್ದು ಅಂತ ಹೇಳುವ ಚೀಟಿ ಕಟ್ಟಿರುತ್ತಾರೆ. ಆ ದಿನಗಳಲ್ಲಿ ಏಡಿ ಊಟ ಸೇರಿಸಿದ ಕೋಣೆಯ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಏಡಿ ತಿನ್ನದವರು ಆ ಋತುವಿನಲ್ಲಿ ಅಲ್ಲಿ ಉಳಿದು ಯಾಕೆ ಜಾಸ್ತಿ ದುಡ್ಡು ಕೊಡಬೇಕು ಹೇಳಿ?

ಹೋಗುವ ದಾರಿ

ಕ್ಯೋಟೋ ಸ್ಟೇಷನ್ನಿನಿಂದ ಹಾಶಿದಾತೆ ಅನ್ನುವ ಎಕ್ಸ್‌ಪ್ರೆಸ್ ರೈಲು ನೇರವಾಗಿ ಅಮಾನೊಹಾಶಿದಾತೆಗೆ ಹೋಗುತ್ತದೆ. ಸೀಟು ಕಾದಿರಿಸಿದರೆ ಒಂದು ಕಡೆಗೆ ಸುಮಾರು 5,000 ಯೆನ್ ಇಟ್ಟುಕೊಳ್ಳಿ. ಈ ರೈಲಿನಲ್ಲಿ ಒಂದು ವಿಷಯ ಗಮನಿಸಬೇಕು. ಹಲವು ಸಲ ಇದು ಮೈಜುರು ಅನ್ನುವ ಇನ್ನೊಂದು ರೈಲಿನ ಜೊತೆ ಅಂಟಿಕೊಂಡು ಹೊರಡುತ್ತದೆ, ಆಯಾಬೆ ಸ್ಟೇಷನ್ನಿನಲ್ಲಿ ಎರಡೂ ಬೇರೆಯಾಗಿ ಒಂದು ಭಾಗ ಇತ್ತ, ಇನ್ನೊಂದು ಭಾಗ ಅತ್ತ ಹೋಗುತ್ತದೆ. ಖಾಲಿ ಸೀಟು ಕಂಡ ಕಡೆ ಕೂತು ನಿದ್ದೆ ಹೋದರೆ ಎಚ್ಚರವಾಗುವುದು ಬೇರೆ ಊರಿನಲ್ಲಿ. ಸೀಟು ಕಾದಿರಿಸಿ, ಟಿಕೆಟಿನಲ್ಲಿ ಬರೆದ ಬೋಗಿ ಸಂಖ್ಯೆಯಲ್ಲೇ ಕೂರಿ, ಮುಗಿಯಿತು. ನೇರ ರೈಲಿನ ಸಮಯ ಹೊಂದದಿದ್ದರೆ ಫುಕುಚಿಯಾಮಾವರೆಗೆ ಹೋಗಿ ಅಲ್ಲಿ ಕ್ಯೋಟೋ ತಾಂಗೋ ರೈಲಿಗೆ ಬದಲಾಯಿಸಬಹುದು.

ಪಾಸಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಫುಕುಚಿಯಾಮಾ ದಾಟಿದ ಮೇಲಿನ ಹಳಿ ಜಪಾನಿನ ಮುಖ್ಯ ರೈಲ್ವೇ ಸಮೂಹವಾದ ಜೆಆರ್‌ದಲ್ಲ, ಕ್ಯೋಟೋ ತಾಂಗೋ ರೈಲ್ವೇ ಅನ್ನುವ ಸಣ್ಣ ಕಂಪನಿಯದು. ಹಾಗಾಗಿ ಇಡೀ ಜಪಾನಿಗೆ ಅನ್ವಯಿಸುವ ಜೆಆರ್ ಪಾಸ್ ಕೈಯಲ್ಲಿದ್ದರೂ ಆ ಭಾಗಕ್ಕೆ ಬೇರೆ ದುಡ್ಡು ಕೊಡಬೇಕು. 5 ದಿನದ ಕನ್ಸಾಯ್ ವೈಡ್ ಏರಿಯಾ ಪಾಸ್‌ನಲ್ಲಾದರೆ ತಾಂಗೋ ರೈಲ್ವೇ ಕೂಡ ಸೇರಿದೆ. ಈ ಎರಡು ದಿನದ ಜೊತೆ ಹಿಮೇಜಿಯ ಕೋಟೆಯನ್ನೋ ಓಕಯಾಮಾವನ್ನೋ ಅದೇ ವಾರ ನೋಡುವುದಿದ್ದರೆ ಆ ಪಾಸ್ ಲಾಭ. ಬರೀ ತಾಂಗೋಗೆ ಹೋಗಿ ಬರುವುದಾದರೆ ಲೆಕ್ಕ ಹಾಕಿ ನೋಡಿ, ಬಿಡಿ ಟಿಕೆಟೇ ಅಗ್ಗ ಆಗಬಹುದು.

ಇನ್ನೂ ಕಡಿಮೆ ಖರ್ಚು ಬೇಕಾದರೆ ಕ್ಯೋಟೋ ಸ್ಟೇಷನ್ ಹತ್ತಿರದಿಂದಲೇ ತಾಂಕಾಯ್ ಕಂಪನಿಯ ಹೈವೇ ಬಸ್ಸು ಇದೆ. ಸಮಯ ಹೆಚ್ಚುಕಡಿಮೆ ರೈಲಿನಷ್ಟೇ, ದರ 3,000 ಯೆನ್ ಆಸುಪಾಸು. ದಿನಕ್ಕೆ ಕೆಲವೇ ಬಸ್ಸು, ಸೀಟು ಮೊದಲೇ ಹಿಡಿಯಬೇಕು.

ಕಾರು? ಮೂರು ನಾಲ್ಕು ಜನ ಇದ್ದರೆ ಕಾರು ಒಳ್ಳೆಯದು, ಅದರಲ್ಲೂ ಎರಡನೇ ದಿನಕ್ಕೆ. ಜಪಾನಿನಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದು, ಸ್ಟಿಯರಿಂಗ್ ಬಲಗಡೆ, ಹಾಗಾಗಿ ನಮಗೆ ಗಾಬರಿಯಿಲ್ಲ. ಊರಿನಿಂದ ಹೊರಡುವ ಮೊದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಅದಿಲ್ಲದೆ ಯಾರೂ ಕಾರು ಕೊಡುವುದಿಲ್ಲ. ಕ್ಯೋಟೋದಿಂದ ಮಿಯಾಜುವರೆಗೂ ಎಕ್ಸ್‌ಪ್ರೆಸ್‌ವೇ ಇದೆ. ಚಳಿಗಾಲದಲ್ಲಿ ಹಿಮದ ಟೈರು ಹಾಕಿದ ಕಾರನ್ನೇ ಕೇಳಿ ತೆಗೆದುಕೊಳ್ಳಿ. ಮತ್ತೆ ಇನೆಯ ಒಳಗಿನ ರಸ್ತೆ ತೀರಾ ಕಿರಿದು, ಪಾರ್ಕಿಂಗ್ ಕಡಿಮೆ. ಊರಿನ ಅಂಚಿನಲ್ಲಿ ನಿಲ್ಲಿಸಿ ನಡೆಯುವುದೇ ಸರಿ.

ಮೊದಲ ದಿನ: ತೆಂಕಣ ತುದಿಯಿಂದ ಬಡಗಣ ತುದಿಗೆ

ಬೆಳಗಿನ ಮೊದಲ ಹಾಶಿದಾತೆ ರೈಲು ಹಿಡಿದರೆ ಹನ್ನೊಂದರ ಸುಮಾರಿಗೆ ಅಮಾನೊಹಾಶಿದಾತೆಯಲ್ಲಿರುತ್ತೀರಿ. ದೊಡ್ಡ ಸೂಟ್‌ಕೇಸನ್ನು ಕ್ಯೋಟೋದ ಹೋಟೆಲಿನಲ್ಲೇ ಬಿಟ್ಟು ಒಂದು ಬೆನ್ನುಚೀಲದಲ್ಲಿ ಬನ್ನಿ. ಇಲ್ಲಿನ ಸ್ಟೇಷನ್ನಿನಲ್ಲಿ ನಾಣ್ಯದ ಲಾಕರುಗಳಿವೆ, ಆದರೆ ನೀವು ಈ ದಿನ ದಕ್ಷಿಣದಿಂದ ಉತ್ತರಕ್ಕೆ ದಾಟಿ ಅಲ್ಲಿಂದಲೇ ಮುಂದೆ ಹೋಗುವವರು. ಲಾಕರಿಗಾಗಿ ವಾಪಸ್ ಬರುವುದು ದಂಡ.

ಇಲ್ಲಿನ ಭೂಗೋಳ ಸ್ವಲ್ಪ ತಲೆಯಲ್ಲಿದ್ದರೆ ದಾರಿ ತಪ್ಪುವುದಿಲ್ಲ. ಅಮಾನೊಹಾಶಿದಾತೆ ಅಂದರೆ 3.6 ಕಿಲೋಮೀಟರ್ ಉದ್ದದ ಮರಳ ದಿಣ್ಣೆ. ಅಗಲ ಕೆಲವು ಕಡೆ ಬರೀ 20 ಮೀಟರ್, ತೀರಾ ಅಗಲವಾದ ಕಡೆ 170 ಮೀಟರ್. ಅದರ ಒಂದು ಬದಿಗೆ ಮಿಯಾಜು ಕೊಲ್ಲಿ, ಇನ್ನೊಂದು ಬದಿಗೆ ಆಸೋ ಅನ್ನುವ ಶಾಂತ ಒಳಗಡಲು. ದಕ್ಷಿಣ ತುದಿಯಲ್ಲಿ ರೈಲ್ವೇ ಸ್ಟೇಷನ್ ಮತ್ತು ಚಿಯೋನ್‌ಜಿ ದೇವಾಲಯ, ಉತ್ತರ ತುದಿಯಲ್ಲಿ ಕೊನೋ ದೇಗುಲ ಮತ್ತು ಕಸಾಮಾತ್ಸು ಪಾರ್ಕ್. ಮಾತ್ಸುಶಿಮಾ, ಮಿಯಾಜಿಮಾ ಜೊತೆ ಸೇರಿಸಿ ಜಪಾನಿನ ಮೂರು ಮಹಾ ನೋಟಗಳು ಅಂತ ನೂರಾರು ವರ್ಷದಿಂದ ಹೇಳಿಕೊಂಡು ಬಂದಿರುವುದರಲ್ಲಿ ಇದೂ ಒಂದು. ಸ್ವರ್ಗಕ್ಕೂ ಭೂಮಿಗೂ ಓಡಾಡಲು ಇಜನಾಗಿ ದೇವರು ನಿಲ್ಲಿಸಿದ್ದ ಏಣಿ, ಅವನು ನಿದ್ದೆ ಹೋದಾಗ ಬಿದ್ದು ಹೀಗೆ ಮಲಗಿತು ಅನ್ನುವುದು ಹಳೆಯ ಕಥೆ.

ಸ್ಟೇಷನ್ನಿನಿಂದ ಕೆಲವೇ ನಿಮಿಷ ನಡೆದರೆ ಚಿಯೋನ್‌ಜಿ. ಇಲ್ಲಿರುವುದು ಮೊಂಜು, ಅಂದರೆ ನಮ್ಮ ಮಂಜುಶ್ರೀ ಬೋಧಿಸತ್ವ, ಬುದ್ಧಿಯ ದೇವರು. ಪರೀಕ್ಷೆ ಬರೆಯುವ ಮಕ್ಕಳು, ಅವರಿಗಿಂತ ಜಾಸ್ತಿ ಅವರ ತಾಯಿ ತಂದೆಯರು ಇಲ್ಲಿಗೆ ಬಂದು ಕೈ ಮುಗಿಯುತ್ತಾರೆ. ಭವಿಷ್ಯ ಹೇಳುವ ಚೀಟಿ ಇಲ್ಲಿ ಪುಟಾಣಿ ಬೀಸಣಿಗೆಯ ಆಕಾರದಲ್ಲಿರುತ್ತದೆ, ಅದನ್ನು ಪೈನ್ ಕೊಂಬೆಗಳಿಗೆ ತೂಗುಹಾಕುತ್ತಾರೆ, ಮರದ ತುಂಬಾ ಬೀಸಣಿಗೆಗಳು. ದೇವಾಲಯದ ಬಾಗಿಲ ಎದುರಿನ ಹಳೆಯ ಅಂಗಡಿಗಳಲ್ಲಿ ಚಿಯೆ ನೊ ಮೋಚಿ ಅಂತ ಸಿಗುತ್ತದೆ, ಮೆತ್ತಗಿನ ಅಕ್ಕಿ ಉಂಡೆಯ ಮೇಲೆ ಸಿಹಿ ಕೆಂಪು ಕಾಳಿನ ಹೂರಣ. ತಿಂದರೆ ಬುದ್ಧಿ ಬರುತ್ತದಂತೆ. ಬರಲಿ ಬಿಡಲಿ, ಚೆನ್ನಾಗಿದೆ, ಸಸ್ಯಾಹಾರಿಗಳು ಚಿಂತೆಯಿಲ್ಲದೆ ತಿನ್ನಬಹುದಾದ ತಿಂಡಿ ಈ ಕರಾವಳಿಯಲ್ಲಿ ಕಡಿಮೆ.

ಇಲ್ಲಿಂದ ಒಂದು ತೀರ್ಮಾನ ಮಾಡಬೇಕು. ದಿಣ್ಣೆಯನ್ನು ಮೇಲಿನಿಂದ ನೋಡಲು ಎರಡು ಕಡೆ ಬೆಟ್ಟ ಇದೆ. ದಕ್ಷಿಣದಲ್ಲಿ ವ್ಯೂ ಲ್ಯಾಂಡ್, ಮೋನೋರೈಲ್ ಇಲ್ಲವೇ ಚೇರ್‌ಲಿಫ್ಟ್‌ನಲ್ಲಿ ಹತ್ತುವುದು, ಮೇಲೆ ಮಕ್ಕಳಾಟದ ಸಣ್ಣ ಪಾರ್ಕು. ಉತ್ತರದಲ್ಲಿ ಕಸಾಮಾತ್ಸು. ಎರಡನ್ನೂ ಹತ್ತುವ ಅಗತ್ಯವಿಲ್ಲ. ಫೋಟೋ ಮುಖ್ಯ ಅನ್ನುವವರಿಗೆ ದಕ್ಷಿಣದ್ದು ಸರಿ, ಯಾಕೆಂದರೆ ಅಲ್ಲಿಂದ ಉತ್ತರಕ್ಕೆ ನೋಡುತ್ತೀರಿ, ಸೂರ್ಯ ಬೆನ್ನ ಹಿಂದೆ ಇರುತ್ತಾನೆ, ನೀರು ನೀಲಿಯಾಗಿ ಬರುತ್ತದೆ. ಕಸಾಮಾತ್ಸುವಿನಿಂದ ಮಧ್ಯಾಹ್ನ ನೋಡಿದರೆ ಬಿಸಿಲು ಎದುರಿಗೇ ಹೊಡೆಯುತ್ತದೆ. ಆದರೂ ನನ್ನ ಮತ ಕಸಾಮಾತ್ಸುವಿಗೇ. ಅಲ್ಲಿ ಗದ್ದಲದ ಆಟಿಕೆಗಳಿಲ್ಲ, ದಿಣ್ಣೆ ಓರೆಯಾಗಿ ದೂರಕ್ಕೆ ಓಡುವುದು ಕಾಣುತ್ತದೆ, ಮೇಲಾಗಿ ಅದು ನಿಮ್ಮ ದಾರಿಯಲ್ಲೇ ಇದೆ.

ದಾಟಲು ಮೂರು ದಾರಿ. ನಡೆದರೆ 50 ನಿಮಿಷ, ಬಾಡಿಗೆ ಸೈಕಲ್ಲಿನಲ್ಲಿ 20 ನಿಮಿಷ, ದೋಣಿಯಲ್ಲಿ 12 ನಿಮಿಷ. ಸೈಕಲ್ ತೆಗೆದುಕೊಂಡರೆ ಅದನ್ನು ಆ ತುದಿಯಲ್ಲಿ ಬಿಡಬಹುದಾ ಅಂತ ಅಂಗಡಿಯಲ್ಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ವಾಪಸ್ ತುಳಿಯುವ ಶಿಕ್ಷೆ. ಬೆನ್ನುಚೀಲ ಹಗುರ ಇದ್ದವರಿಗೆ ನಡಿಗೆಯೇ ಚೆಂದ. ಕಾರುಗಳಿಗೆ ಒಳಗೆ ಬಿಡುವುದಿಲ್ಲ, ದಾರಿ ಪೂರ್ತಿ ಪೈನ್ ನೆರಳು, ನೆಲ ಗಟ್ಟಿ ಮಣ್ಣು.

ಹೊರಟ ಕೂಡಲೇ ಸಿಗುವುದು ಕೈಸೆನ್‌ಕ್ಯೋ ಅನ್ನುವ ತಿರುಗುವ ಸೇತುವೆ. 1923ರಲ್ಲಿ ಕಟ್ಟಿದ್ದು, ಮೊದಲು ಕೈಯಲ್ಲೇ ತಿರುಗಿಸುತ್ತಿದ್ದರು. ಈಗ ಮೋಟಾರು. ದೋಣಿ ಬಂದಾಗ ಗೇಟು ಹಾಕಿ ಸೇತುವೆಯನ್ನೇ ಪಕ್ಕಕ್ಕೆ ಸರಿಸುತ್ತಾರೆ. ಹಾಗೆ ಸಿಕ್ಕಿಹಾಕಿಕೊಂಡರೆ ಬೇಸರ ಮಾಡಿಕೊಳ್ಳಬೇಡಿ, ನಿಂತು ನೋಡಿ. ಮುಂದೆ ದಿಣ್ಣೆಯ ಮಧ್ಯೆ ಇಸೋಶಿಮಿಜು ಅನ್ನುವ ಬಾವಿ ಸಿಗುತ್ತದೆ. ಎರಡೂ ಕಡೆ ಉಪ್ಪು ನೀರು, ನಡುವೆ ಸಿಹಿ ನೀರಿನ ಸೆಲೆ. ಕುಡಿಯುವುದಕ್ಕೆ ಬಳಸುವುದಿಲ್ಲ, ಕೈ ತೊಳೆದುಕೊಳ್ಳಬಹುದು.

ಬಲಗಡೆ, ಅಂದರೆ ಕೊಲ್ಲಿಯ ಬದಿಗೆ, ಮರಳಿನಿಂದ ನೀರಿಗೆ ಚಾಚಿದ ಕಲ್ಲಿನ ಗೋಡೆಗಳು ಸಾಲಾಗಿ ಕಾಣುತ್ತವೆ. ಇದು ಅಂದಕ್ಕೆ ಮಾಡಿದ್ದಲ್ಲ. ಈ ದಿಣ್ಣೆ ಹುಟ್ಟಿದ್ದೇ ನದಿಗಳು ತಂದ ಮರಳನ್ನು ಸಮುದ್ರದ ಹರಿವು ಇಲ್ಲಿಗೆ ತಂದು ಸುರಿದದ್ದರಿಂದ. ಕಳೆದ ಶತಮಾನದಲ್ಲಿ ಬಂದರಿನ ಕಟ್ಟೆಗಳು, ನದಿ ತಡೆಗಳು ಬಂದ ಮೇಲೆ ಮರಳಿನ ಬರವು ಕಡಿಮೆಯಾಗಿ ದಿಣ್ಣೆ ಸವೆಯತೊಡಗಿತು. ಅದಕ್ಕೇ ಮರಳನ್ನು ಹಿಡಿದಿಡಲು ಈ ಗೋಡೆಗಳು, ಸಾಲದ್ದಕ್ಕೆ ಬೇರೆ ಕಡೆ ಶೇಖರವಾದ ಮರಳನ್ನು ತಂದು ಇಲ್ಲಿ ಸುರಿಯುತ್ತಾರೆ. ಮೇಲಿನಿಂದ ನೋಡುವಾಗ ದಿಣ್ಣೆಯ ಆ ಅಂಚು ಗರಗಸದ ಹಲ್ಲಿನಂತೆ ಕಾಣುವುದು ಇದರಿಂದಲೇ. ಪ್ರಕೃತಿಯ ಅದ್ಭುತ ಅಂತ ಬೋರ್ಡು ಹಾಕಿದರೂ, ಇದನ್ನು ಉಳಿಸಿರುವುದು ಎಂಜಿನಿಯರುಗಳು ಅನ್ನುವುದು ನನಗೆ ಇನ್ನೂ ದೊಡ್ಡ ಅದ್ಭುತ ಅನ್ನಿಸುತ್ತದೆ.

ಉತ್ತರ ತುದಿಗೆ ಬಂದ ಮೇಲೆ ಕೊನೋ ದೇಗುಲ. ಸೂರ್ಯದೇವತೆ ಈಗಿನ ಇಸೆಗೆ ಹೋಗುವ ಮೊದಲು ಇಲ್ಲಿದ್ದಳು ಅನ್ನುವ ನಂಬಿಕೆ ಇದೆ. ಅದರ ಪಕ್ಕದಿಂದಲೇ ಕಸಾಮಾತ್ಸುವಿಗೆ ಕೇಬಲ್ ಕಾರೂ ಚೇರ್‌ಲಿಫ್ಟೂ ಹೊರಡುತ್ತವೆ, ಒಂದೇ ಟಿಕೆಟಿನಲ್ಲಿ ಯಾವುದನ್ನಾದರೂ ಹತ್ತಬಹುದು. ಹೋಗಿ ಬರಲು ಸುಮಾರು 1,000 ಯೆನ್ ಇಟ್ಟುಕೊಳ್ಳಿ. ಮಳೆ ಇಲ್ಲದಿದ್ದರೆ ಚೇರ್‌ಲಿಫ್ಟ್ ಹತ್ತಿ, ಇಳಿಯುವಾಗ ಕಡಲು ಪೂರ್ತಿ ಕಾಲ ಕೆಳಗೆ.

ಮೇಲೆ ಎಲ್ಲರೂ ಬೆನ್ನು ತಿರುಗಿಸಿ ಬಗ್ಗಿ ತಮ್ಮ ಕಾಲುಗಳ ಸಂದಿಯಿಂದ ಸಮುದ್ರ ನೋಡುತ್ತಿರುತ್ತಾರೆ. ಅದಕ್ಕಾಗಿಯೇ ಕಲ್ಲಿನ ಪೀಠಗಳನ್ನು ಇಟ್ಟಿದ್ದಾರೆ. ತಲೆಕೆಳಗಾಗಿ ನೋಡಿದರೆ ದಿಣ್ಣೆ ಆಕಾಶಕ್ಕೆ ತೂಗಿದ ಸೇತುವೆಯಂತೆ ಕಾಣಬೇಕು ಅನ್ನುವುದು ಉದ್ದೇಶ. ಇದು ಬರೀ ಪ್ರವಾಸಿಗರ ಹುಚ್ಚು ಅಂದುಕೊಳ್ಳಬೇಡಿ. ಹೀಗೆ ಬಗ್ಗಿ ನೋಡಿದರೆ ದೂರ ಮತ್ತು ಗಾತ್ರದ ಅಂದಾಜು ನಿಜವಾಗಿಯೂ ಬದಲಾಗುತ್ತದಾ ಅಂತ ಕ್ಯೋಟೋದ ರಿತ್ಸುಮೇಕಾನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅತ್ಸುಕಿ ಹಿಗಾಶಿಯಾಮಾ ಮತ್ತು ಕೋಹೆಯ್ ಅದಾಚಿ ಪ್ರಯೋಗ ಮಾಡಿ, 2016ರಲ್ಲಿ ಇಗ್ ನೊಬೆಲ್ ಪಡೆದರು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ ಅದು. ಬದಲಾಗುತ್ತದೆ, ದೂರದ ವಸ್ತುಗಳು ಚಿಕ್ಕದಾಗಿ ಕಾಣುತ್ತವೆ, ಆಳ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಮೊಬೈಲನ್ನು ಜೇಬಿನಿಂದ ಮೊದಲೇ ತೆಗೆದಿಡಿ. ರಕ್ತದೊತ್ತಡ, ತಲೆಸುತ್ತು ಇರುವವರು ಈ ಸಾಹಸ ಬಿಟ್ಟು ಫೋಟೋ ತೆಗೆದು ಫೋನನ್ನೇ ತಿರುಗಿಸಿ ನೋಡಿದರೆ ಸಾಕು.

ಸಮಯ ಇದ್ದರೆ ಅಲ್ಲಿಂದ ಸಣ್ಣ ಬಸ್ಸು ನರಿಯಾಯ್‌ಜಿ ದೇವಾಲಯಕ್ಕೆ ಹೋಗುತ್ತದೆ. ಇನೆಯ ಬಸ್ಸು ತಪ್ಪುವ ಹಾಗಿದ್ದರೆ ಬೇಡ.

ಇನೆ

ಕೊನೋ ದೇಗುಲದ ಎದುರಿನ ನಿಲ್ದಾಣದಲ್ಲೇ ಇನೆ ಕಡೆ ಹೋಗುವ ಬಸ್ಸು ನಿಲ್ಲುತ್ತದೆ. ಹೆಚ್ಚುಕಡಿಮೆ ಗಂಟೆಗೊಂದು. ಅಮಾನೊಹಾಶಿದಾತೆ ಸ್ಟೇಷನ್ನಿನಿಂದ ಇನೆಗೆ ಒಂದು ಗಂಟೆ, ನೀವು ದಿಣ್ಣೆ ದಾಟಿ ಬಂದಿರುವುದರಿಂದ ಅದರಲ್ಲಿ ಒಂದಷ್ಟು ಉಳಿಯಿತು. ದರ ಕೆಲವೇ ನೂರು ಯೆನ್. ಹಿಂದಿನ ಬಾಗಿಲಿನಿಂದ ಹತ್ತಿ, ಅಲ್ಲಿರುವ ಯಂತ್ರದಿಂದ ಸಂಖ್ಯೆ ಇರುವ ಚೀಟಿ ತೆಗೆದುಕೊಳ್ಳಿ, ಇಳಿಯುವಾಗ ಮುಂದೆ ಡ್ರೈವರ್ ಪಕ್ಕದ ಡಬ್ಬಿಗೆ ಚೀಟಿ ಮತ್ತು ಚಿಲ್ಲರೆ ಹಾಕಿ. 10,000 ಯೆನ್ ನೋಟು ಹಿಡಿದು ನಿಂತರೆ ಎಲ್ಲರಿಗೂ ತೊಂದರೆ. ಹೋಗುವಾಗ ಬಲಗಡೆ ಕೂರಿ, ಸಮುದ್ರ ಆ ಬದಿಗೆ.

ಮೊದಲು ದೋಣಿ ಮುಗಿಸಿ. ಹಿದೆ ಅನ್ನುವ ಕಡೆ ಇಳಿದರೆ ಇನೆ ಕೊಲ್ಲಿ ಸುತ್ತುವ ದೋಣಿಕಟ್ಟೆ, ಸುಮಾರು 25 ನಿಮಿಷದ ಸುತ್ತು. ಕೊನೆಯ ದೋಣಿ ಸಂಜೆ ನಾಲ್ಕರ ಸುಮಾರಿಗೇ ಹೊರಟುಬಿಡುತ್ತದೆ, ಅದಕ್ಕೇ ಕಸಾಮಾತ್ಸುವಿನಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ದೊಡ್ಡ ದೋಣಿ ಬೇಡ ಅಂದರೆ ಮೀನುಗಾರರೇ ನಡೆಸುವ ಸಣ್ಣ ಕಡಲ ಟ್ಯಾಕ್ಸಿಗಳಿವೆ. ಮನೆಗಳ ತೀರಾ ಹತ್ತಿರ ಹೋಗುತ್ತವೆ, ಗಾಳಿ ಇಲ್ಲದ ದಿನ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಕಡಲಕ್ಕಿಗಳಿಗೆ ತಿಂಡಿ ಹಾಕುವ ಗಲಾಟೆ ದೊಡ್ಡ ದೋಣಿಯಲ್ಲಿ ಇದ್ದದ್ದೇ. ಅಂದಹಾಗೆ ದಡದಲ್ಲಿ ಕೂತು ಏನಾದರೂ ತಿನ್ನುವಾಗ ಮೇಲೆ ಒಂದು ಕಣ್ಣಿರಲಿ. ಇಲ್ಲಿನ ಹದ್ದುಗಳು ಹಿಂದಿನಿಂದ ಬಂದು ಕೈಯಲ್ಲಿದ್ದ ತುತ್ತನ್ನೇ ಎತ್ತಿಕೊಂಡು ಹೋಗುತ್ತವೆ.

ನೀವು ನೋಡಲು ಬಂದದ್ದು ಫುನಾಯಾಗಳನ್ನು. ಕೊಲ್ಲಿಯ ಸುತ್ತ ಸುಮಾರು 5 ಕಿಲೋಮೀಟರ್ ದಡಕ್ಕೆ 230ರಷ್ಟು ಮರದ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಕೆಳಗಿನ ಅಂತಸ್ತು ದೋಣಿಗೆ, ನೆಲ ನೀರಿನ ಕಡೆ ಇಳಿಜಾರಾಗಿದೆ, ಮೇಲಿನದು ಬಲೆ, ಸಾಮಾನು ಇಡಲು. ಮನೆಯವರು ಉಳಿಯುವ ಮುಖ್ಯ ಮನೆ ರಸ್ತೆಯ ಆಚೆ ಬೆಟ್ಟದ ಬುಡದಲ್ಲಿರುತ್ತದೆ. ನೀರಿನ ಅಂಚಿಗೇ ಹೀಗೆ ಮನೆ ಕಟ್ಟಿದರೆ ಕೊಚ್ಚಿ ಹೋಗುವುದಿಲ್ವಾ ಅಂತ ಅನ್ನಿಸುತ್ತದೆ ಅಲ್ವಾ? ಕಾರಣ ಇದೆ. ಕೊಲ್ಲಿ ದಕ್ಷಿಣಕ್ಕೆ ಮುಖ ಮಾಡಿದೆ, ಜಪಾನ್ ಸಮುದ್ರದ ಚಳಿಗಾಲದ ಗಾಳಿ ಬರುವುದು ಉತ್ತರ, ವಾಯುವ್ಯದಿಂದ. ಮೂರು ಕಡೆ ಬೆಟ್ಟ, ಬಾಯಲ್ಲಿ ಆವೋಶಿಮಾ ಅನ್ನುವ ದ್ವೀಪ ಅಡ್ಡ ನಿಂತು ಅಲೆ ಒಡೆಯುತ್ತದೆ. ಎಲ್ಲಕ್ಕಿಂತ ಮುಖ್ಯ, ಜಪಾನ್ ಸಮುದ್ರದಲ್ಲಿ ಉಬ್ಬರ ಇಳಿತದ ವ್ಯತ್ಯಾಸ ತೀರಾ ಕಡಿಮೆ, ಇಲ್ಲಿ ಅರ್ಧ ಮೀಟರ್ ಆಸುಪಾಸು. ಪೆಸಿಫಿಕ್ ಬದಿಯಲ್ಲಾಗಿದ್ದರೆ ಈ ಮನೆಗಳು ಹೀಗೆ ನಿಲ್ಲುತ್ತಿರಲಿಲ್ಲ. 2005ರಲ್ಲಿ ಸರ್ಕಾರ ಈ ಊರನ್ನು ಸಂರಕ್ಷಿತ ಪ್ರದೇಶದ ಪಟ್ಟಿಗೆ ಸೇರಿಸಿತು.

ಮರೆಯಬಾರದ ವಿಷಯ: ಇದು ಮ್ಯೂಸಿಯಂ ಅಲ್ಲ. ಸುಮಾರು ಎರಡು ಸಾವಿರ ಜನ ಇರುವ ಪುರಸಭೆ. ತೆರೆದ ಬಾಗಿಲು ಕಂಡಿತು ಅಂತ ಒಳಗೆ ಹೋಗಿ ಫೋಟೋ ತೆಗೆಯುವುದು, ಮನೆಗಳ ಸಂದಿಯಿಂದ ನೀರಿನ ಕಡೆ ನುಗ್ಗುವುದು ಬೇಡ. ಒಳಗೆ ನೋಡಲೇಬೇಕು ಅಂದರೆ ದುಡ್ಡು ಕೊಟ್ಟು ನೋಡಬಹುದಾದ ಫುನಾಯಾಗಳಿವೆ, ಊರಿನ ಪ್ರವಾಸಿ ಕಚೇರಿಯಲ್ಲಿ ಕೇಳಿ. ಡ್ರೋನ್ ಹಾರಿಸುವ ಯೋಚನೆಯನ್ನೂ ಬಿಡಿ. ಎತ್ತರದಿಂದ ನೋಡಲು ಬೆಟ್ಟದ ಮೇಲೆ ಫುನಾಯಾ ನೊ ಸಾತೊ ಅನ್ನುವ ರಸ್ತೆಬದಿ ತಂಗುದಾಣ ಇದೆ, ಮೆಟ್ಟಿಲು ಹತ್ತಿದರೆ ಇಡೀ ಕೊಲ್ಲಿ ಕಾಣುತ್ತದೆ.

ಕುಡಿಯುವವರಿಗೆ ಒಂದು ಮಾತು. ಊರ ನಡುವೆ 1754ರಿಂದ ಸಾಕೆ, ಅಂದರೆ ಅಕ್ಕಿಯ ಮದ್ಯ, ತಯಾರಿಸುತ್ತಿರುವ ಮುಕಾಯ್ ಅನ್ನುವ ಮನೆ ಇದೆ. ಇವರ ಇನೆ ಮಾಂಕಾಯ್ ಅನ್ನುವ ಸಾಕೆ ಕೆಂಪಕ್ಕಿಯಿಂದ ಮಾಡಿದ್ದು, ಬಣ್ಣವೂ ಕೆಂಪೇ, ರುಚಿ ಹುಳಿ ಸಿಹಿ. ಸಣ್ಣ ಬಾಟಲಿ ತಂದು ರಾತ್ರಿ ಕಿಟಕಿ ಪಕ್ಕ ಕೂತರೆ ಬೇರೆ ಏನೂ ಬೇಡ.

ಉಳಿಯುವ ವಿಷಯಕ್ಕೆ ಬರೋಣ. ಇಲ್ಲಿ ದೊಡ್ಡ ಹೋಟೆಲ್ ಇಲ್ಲ. ಫುನಾಯಾವನ್ನೇ ಕೋಣೆ ಮಾಡಿದವರು, ಮನೆಯವರೇ ನಡೆಸುವ ಮಿನ್‌ಶುಕುಗಳು ಇವೆ. ಹಲವು ಕಡೆ ದಿನಕ್ಕೆ ಒಂದೇ ಗುಂಪಿಗೆ ಜಾಗ. ಅದಕ್ಕೇ ಶನಿವಾರದ ರಾತ್ರಿಗೆ ತಿಂಗಳುಗಟ್ಟಲೆ ಮುಂಚೆ ತುಂಬಿರುತ್ತದೆ, ವಾರದ ನಡುವೆ ಹುಡುಕಿದರೆ ಸುಲಭ. ಬುಕ್ ಮಾಡುವಾಗ ರಾತ್ರಿ ಊಟ ಸೇರಿದೆಯಾ ಅಂತ ನೋಡಿ. ಇದು ತೀರಾ ಮುಖ್ಯ, ಯಾಕೆಂದರೆ ಸಂಜೆಯ ಮೇಲೆ ತೆರೆದಿರುವ ಊಟದ ಜಾಗ ಬೆರಳೆಣಿಕೆ, ಅವಕ್ಕೂ ಮೊದಲೇ ಹೇಳಿರಬೇಕು. ಕಡೆ ಗಳಿಗೆಯಲ್ಲಿ ಕನ್ವೀನಿಯನ್ಸ್ ಸ್ಟೋರ್ ಇದ್ದೇ ಇರುತ್ತದೆ ಅಂತ ಜಪಾನಿನಲ್ಲಿ ಅಭ್ಯಾಸ ಆಗಿರುತ್ತದಲ್ಲ, ಇನೆಯಲ್ಲಿ ಅದನ್ನು ನಂಬಬೇಡಿ. ರಾತ್ರಿ ತಿಂಡಿ, ಬೆಳಗಿನ ಬ್ರೆಡ್ಡು ಅಮಾನೊಹಾಶಿದಾತೆಯಲ್ಲೇ ಕೊಂಡುಕೊಳ್ಳಿ.

ಮೀನು ತಿನ್ನುವವರಿಗೆ ಇದು ಸ್ವರ್ಗ, ಚಳಿಗಾಲದ ಬುರಿ ಮೀನಿಗೆ ಇನೆ ಹೆಸರುವಾಸಿ. ಸಸ್ಯಾಹಾರಿಗಳಿಗೆ ಕಷ್ಟ, ಮುಚ್ಚಿಡುವುದು ಬೇಡ. ಮೀನಿನ ತುಂಡು ಇಲ್ಲದಿದ್ದರೂ ಸಾರು, ಸಾಸು, ಬೇಯಿಸಿದ ತರಕಾರಿ ಎಲ್ಲದರಲ್ಲೂ ಮೀನಿನ ದಾಶಿ, ಅಂದರೆ ಮೀನು ಕುದಿಸಿ ತೆಗೆದ ರಸ, ಇರುತ್ತದೆ. ಮನೆಯವರಿಗೆ ಬುಕ್ ಮಾಡುವಾಗಲೇ ಜಪಾನೀಸ್‌ನಲ್ಲಿ ಬರೆದು ಕೇಳಿ, ಮಾಂಸ, ಮೀನು, ಮೀನಿನ ದಾಶಿ ಮೂರನ್ನೂ ಬೇರೆ ಬೇರೆಯಾಗಿ ಹೇಳಿ. ಬರೀ ಸಸ್ಯಾಹಾರಿ ಅಂದರೆ ಮೀನಿನ ಸಾರು ಬಂದೇ ಬರುತ್ತದೆ. ಆಗುವುದಿಲ್ಲ ಅಂದರೆ ಊಟ ಇಲ್ಲದ ಕೋಣೆ ತೆಗೆದುಕೊಂಡು ಅಡುಗೆಮನೆ ಇರುವ ಫುನಾಯಾ ಹುಡುಕಿ, ಅಕ್ಕಿ, ತೊವ್ವೆ ಕಟ್ಟಿಕೊಂಡು ಹೋಗಿ. ದಾರಿಗೆ ಒನಿಗಿರಿ ಅನ್ನುವ ಅನ್ನದ ಉಂಡೆ ಇರಲಿ, ಒಳಗೆ ಉಮೆಬೋಶಿ (ಹುಳಿ ಪ್ಲಮ್ ಉಪ್ಪಿನಕಾಯಿ) ಅಥವಾ ಕೊಂಬು (ಕಡಲ ಪಾಚಿ) ಇರುವುದನ್ನು ಆರಿಸಿ, ಕೊಂಬುವಿನ ಪೊಟ್ಟಣದ ಹಿಂದೆ ಏನು ಬರೆದಿದೆ ಅಂತ ಫೋನಿನಲ್ಲಿ ಅನುವಾದ ಮಾಡಿ ನೋಡಿಕೊಳ್ಳಿ, ಕೆಲವಕ್ಕೆ ಮೀನಿನ ಸಾರ ಬೆರೆಸಿರುತ್ತಾರೆ.

ಎರಡನೇ ದಿನ

ಬೇಗ ಏಳಿ. ಬಲೆ ಎಳೆದು ಬಂದ ದೋಣಿಗಳು ಬೆಳಗ್ಗೆಯೇ ಬಂದರಿಗೆ ಬರುತ್ತವೆ, ಊರಿನವರು ಬಕೆಟ್ ಹಿಡಿದು ಅಲ್ಲಿಂದಲೇ ಮೀನು ಕೊಂಡು ಹೋಗುತ್ತಾರೆ. ದೂರ ನಿಂತು ನೋಡಿ, ಗಾಡಿ ಓಡಾಡುವ ದಾರಿಗೆ ಅಡ್ಡ ಬರಬೇಡಿ. ಆಮೇಲೆ ರಸ್ತೆ ಹಿಡಿದು ಕೊಲ್ಲಿಯ ಉದ್ದಕ್ಕೂ ನಡೆಯಿರಿ. ಮೊದಲ ಟೂರ್ ಬಸ್ಸು ಬರುವವರೆಗೆ ಈ ರಸ್ತೆಯಲ್ಲಿ ನೀವು, ಬೆಕ್ಕುಗಳು ಮತ್ತು ಅಜ್ಜಿಯರು ಅಷ್ಟೇ. ಎದುರಾದವರಿಗೆಲ್ಲ ಓಹಾಯೋ ಗೊಜಾಯಿಮಸ್ ಅನ್ನಿ, ಪ್ರತಿಯೊಬ್ಬರೂ ತಿರುಗಿ ಹೇಳುತ್ತಾರೆ.

ಕಾರು ಇದ್ದರೆ 178ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ. ಸುಮಾರು ಅರ್ಧ ಗಂಟೆಗೆ ಕ್ಯೋಗಾಮಿಸಾಕಿ. ಕಾರು ನಿಲ್ಲಿಸಿ ಬೆಟ್ಟದ ಕಾಲುದಾರಿ ಹತ್ತಿದರೆ 1898ರಿಂದ ಉರಿಯುತ್ತಿರುವ ಬಿಳಿ ದೀಪಸ್ತಂಭ. ಹತ್ತುವ ದಾರಿ ಕಡಿದು, ಚಪ್ಪಲಿಯಲ್ಲಿ ಹೋಗಬೇಡಿ. ಪಕ್ಕದ ಸೋದೆಶಿಯಲ್ಲಿ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಸಮುದ್ರಕ್ಕೆ ಇಳಿಯುತ್ತವೆ, ಮೇ ತಿಂಗಳಲ್ಲಿ ನೀರು ಕಟ್ಟಿದಾಗ ನೋಡಬೇಕು. ಇನ್ನೂ ಮುಂದೆ ತಾಯ್ಜಾ ಊರಿನಲ್ಲಿ ತಾತೆಇವಾ, ದಡದಲ್ಲೇ ಒಂಟಿಯಾಗಿ ನಿಂತ 20 ಮೀಟರ್ ಎತ್ತರದ ಬಂಡೆ. ಲಾವಾ ತಣ್ಣಗಾಗುವಾಗ ಸೀಳಿ ಕಂಬ ಕಂಬವಾದ ಕಲ್ಲು ಅದು. ಜಪಾನ್ ಸಮುದ್ರ ಹುಟ್ಟಿದ ಕಥೆ ಹೇಳುವ ಬಂಡೆಗಳೆಂದು ಕ್ಯೋಗಾಮಿಸಾಕಿಯಿಂದ ಪಶ್ಚಿಮಕ್ಕೆ ತೊತ್ತೊರಿವರೆಗಿನ ಇಡೀ ತೀರವನ್ನು ಯುನೆಸ್ಕೋ ಜಿಯೋಪಾರ್ಕ್ ಪಟ್ಟಿಗೆ ಸೇರಿಸಿದೆ.

ನನಗೆ ಇದೆಲ್ಲಕ್ಕಿಂತ ಇಷ್ಟ ಕೊತೊಹಿಕಿಹಾಮಾ. 1.8 ಕಿಲೋಮೀಟರ್ ಮರಳಿನ ತೀರ, ಕಾಲನ್ನು ಎಳೆದು ಎಳೆದು ನಡೆದರೆ ಮರಳು ಕೀಂ ಕೀಂ ಅನ್ನುತ್ತದೆ. ಕ್ವಾರ್ಟ್ಜ್ ಕಣಗಳು ಒಂದಕ್ಕೊಂದು ಉಜ್ಜಿ ಬರುವ ದನಿ ಇದು. ಕಣಗಳ ಮೇಲೆ ಸ್ವಲ್ಪ ಕೊಳೆ ಕೂತರೂ ದನಿ ನಿಂತುಹೋಗುತ್ತದೆ, ಅದಕ್ಕೇ ಇಲ್ಲಿ ಸಿಗರೇಟು, ಬೆಂಕಿ, ಪಟಾಕಿ ಎಲ್ಲ ನಿಷೇಧ. ಒದ್ದೆ ಮರಳಲ್ಲೂ ದನಿ ಬರುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿ ಮಳೆ ಬಂದಿದ್ದರೆ ಈ ಜಾಗವನ್ನು ಕೈಬಿಟ್ಟು ಬೇರೆ ಕಡೆ ಹೊತ್ತು ಕಳೆಯಿರಿ. ಸಂಜೆಯವರೆಗೂ ಇರುವವರು ಪಕ್ಕದ ಯೂಹಿಗಾಉರಾದ ಬಿಸಿನೀರಿನಲ್ಲಿ ಕೂತು ಸೂರ್ಯಾಸ್ತ ನೋಡಬಹುದು.

ಕಾರು ಇಲ್ಲದಿದ್ದರೆ ಇಷ್ಟನ್ನೂ ನೋಡುವ ಹಟ ಬೇಡ. ಇನೆಯಿಂದ ಕ್ಯೋಗಾಮಿಸಾಕಿ ಕಡೆಗೆ ಬಸ್ಸು ಇದೆ, ಆದರೆ ದಿನಕ್ಕೆ ಕೆಲವೇ, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಮಧ್ಯಾಹ್ನದವರೆಗೆ ಇನೆಯಲ್ಲೇ ಇದ್ದು ಬಸ್ಸಿನಲ್ಲಿ ಅಮಾನೊಹಾಶಿದಾತೆಗೆ ವಾಪಸ್ ಬರುವುದು ಜಾಣತನ. ಇನ್ನೊಂದು ರಾತ್ರಿ ಕೈಯಲ್ಲಿದ್ದರೆ ಅಲ್ಲಿಂದ ತಾಂಗೋ ರೈಲಿನಲ್ಲಿ ತೊಯೋಕಾವರೆಗೆ, ಮುಂದೆ ಜೆಆರ್‌ನಲ್ಲಿ ಕಿನೋಸಾಕಿಗೆ ಹೋಗಿ, ಅಲ್ಲಿನ ಏಳು ಸಾರ್ವಜನಿಕ ಸ್ನಾನದ ಮನೆಗಳಲ್ಲಿ ಒಂದೊಂದಾಗಿ ಮುಳುಗೇಳಬಹುದು. ಕಿನೋಸಾಕಿಯಿಂದ ಕ್ಯೋಟೋಗೆ ನೇರ ಎಕ್ಸ್‌ಪ್ರೆಸ್ ಇದೆ.

ದುಡ್ಡು, ಚಿಲ್ಲರೆ, ಮತ್ತೆ ವಾಪಸ್ ರೈಲು

ನಗದು ಜಾಸ್ತಿ ಇಟ್ಟುಕೊಳ್ಳಿ. ಸಣ್ಣ ಅಂಗಡಿ, ಬಸ್ಸು, ಕೆಲವು ಮಿನ್‌ಶುಕು, ಇವೆಲ್ಲ ಕಾರ್ಡ್ ತೆಗೆದುಕೊಳ್ಳುತ್ತವೆ ಅಂತ ನಂಬಿ ಹೋಗಬೇಡಿ. ಕ್ಯೋಟೋದಲ್ಲೇ ಸೆವೆನ್ ಇಲೆವೆನ್ ಎಟಿಎಂನಿಂದ ತೆಗೆಯಿರಿ, 1,000 ಯೆನ್ ನೋಟುಗಳೂ 100 ಯೆನ್ ನಾಣ್ಯಗಳೂ ಬೇಕಾದಷ್ಟು ಇರಲಿ. ಕಸದ ಡಬ್ಬಿ ಎಲ್ಲೂ ಸಿಗುವುದಿಲ್ಲ, ಒಂದು ಕವರ್ ಇಟ್ಟುಕೊಂಡು ನಿಮ್ಮ ಕಸ ನೀವೇ ಹೊತ್ತು ತನ್ನಿ. ಬಸ್ಸಿನ ವೇಳಾಪಟ್ಟಿಯನ್ನು ಹೊರಡುವ ಹಿಂದಿನ ದಿನ ಮತ್ತೆ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ, ವಾರದ ದಿನಕ್ಕೂ ರಜಾದಿನಕ್ಕೂ ಬೇರೆ ಬೇರೆ ಪಟ್ಟಿ ಇರಬಹುದು.

ವಾಪಸ್ ಹೋಗುವಾಗ ಬಂದ ದಾರಿಯನ್ನೇ ಹಿಡಿಯಬೇಕಾಗಿಲ್ಲ. ಒಂದು ಗಂಟೆ ಹೆಚ್ಚಿಗೆ ಇದ್ದರೆ ಅಮಾನೊಹಾಶಿದಾತೆಯಿಂದ ನಿಶಿಮೈಜುರು ಕಡೆ ಹೋಗುವ ತಾಂಗೋ ಲೋಕಲ್ ರೈಲು ಹತ್ತಿ. ತಾಂಗೋಯುರಾ ಸ್ಟೇಷನ್ ಬಿಟ್ಟ ಮೇಲೆ ಒಂದೇ ಬೋಗಿಯ ಈ ಪುಟ್ಟ ರೈಲು ಯುರಾ ನದಿ ಸಮುದ್ರ ಸೇರುವ ಕಡೆ, 1924ರ ಹಳೆಯ ಸೇತುವೆಯ ಮೇಲೆ, ನೀರಿಗೆ ತೀರಾ ಹತ್ತಿರದಲ್ಲಿ 550 ಮೀಟರ್ ದಾಟುತ್ತದೆ. ಅಲಂಕಾರದ ಆಕಾಮಾತ್ಸು ರೈಲಿಗೆ ಮೊದಲೇ ಸೀಟು ಹಿಡಿದು ಸ್ವಲ್ಪ ಜಾಸ್ತಿ ದುಡ್ಡು ಕೊಡಬೇಕು, ಸೇತುವೆ ಮೇಲೆ ಅದು ನಿಧಾನ ಮಾಡುತ್ತದೆ. ಮಾಮೂಲಿ ಲೋಕಲ್ಲಿನಲ್ಲೂ ನೋಟ ಅದೇ. ಸಮುದ್ರ ಬೇಕಾದವರು ಎಡಗಡೆ ಕೂರಿ. ನಿಶಿಮೈಜುರುವಿನಲ್ಲಿ ಇಳಿದರೆ ಕ್ಯೋಟೋಗೆ ಮೈಜುರು ಎಕ್ಸ್‌ಪ್ರೆಸ್ ಸಿಗುತ್ತದೆ. ಈ ಎರಡರ ಸಮಯ ಹೊಂದುತ್ತದಾ ಅಂತ ಮಾತ್ರ ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.